ಸಿಂಧೂ ನಾಗರಿಕತೆಯ ವ್ಯಾಪಾರವನ್ನು ವಸ್ತುಗಳಿಂದ ಓದುವ ಕ್ರಮ

ಶಾಲೆಯ ಪಠ್ಯಪುಸ್ತಕದಲ್ಲಿ ಸಿಂಧೂ ನಾಗರಿಕತೆಯ ವ್ಯಾಪಾರ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಮೆಸೊಪೊಟೇಮಿಯದೊಡನೆ ಅವರಿಗೆ ವ್ಯಾಪಾರ ಸಂಬಂಧವಿತ್ತು, ಗುಜರಾತಿನ ಲೋಥಾಲ್‌ನಲ್ಲಿ ಬಂದರಿತ್ತು ಎಂಬಷ್ಟನ್ನು ಹೇಳಿ, ಪಕ್ಕದಲ್ಲೊಂದು ನಕ್ಷೆ ಕೊಟ್ಟು, ಅದರ ಮೇಲೆ ನಾಲ್ಕಾರು ಬಾಣಗಳನ್ನು ಎಳೆದಿರುತ್ತಾರೆ. ಇತಿಹಾಸ ಪಾಠ ಮಾಡುವ ನನಗೆ ಆ ಬಾಣಗಳನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ. ಮಕ್ಕಳು ಅವನ್ನು ಬಾಯಿಪಾಠ ಮಾಡುತ್ತಾರೆಯೇ ಹೊರತು, ಆ ಬಾಣವನ್ನು ಎಳೆಯಲು ಯಾರಿಗೆ ಯಾವ ಆಧಾರ ಸಿಕ್ಕಿತು ಎಂದು ಕೇಳುವ ಅವಕಾಶವೇ ಅವರಿಗೆ ಒದಗುವುದಿಲ್ಲ. ಆ ಆಧಾರಗಳನ್ನು ಸ್ವತಃ ಪರೀಕ್ಷಿಸಿ ಓದುವುದು ಹೇಗೆ ಎಂಬುದನ್ನು ಶಿಕ್ಷಕರಿಗೂ, ವಿದ್ಯಾರ್ಥಿಗಳಿಗೂ, ವಸ್ತುಸಂಗ್ರಹಾಲಯಕ್ಕೆ ಹೋಗುವ ಆಸಕ್ತರಿಗೂ ಉಪಯೋಗವಾಗುವಂತೆ ಇಲ್ಲಿ ವಿವರಿಸಿದ್ದೇನೆ.

ಮೊದಲಿಗೆ ಒಂದು ಮಾತು ಮನಸ್ಸಿನಲ್ಲಿರಲಿ. ಕ್ರಿ.ಪೂ. 2600ರಿಂದ 1900ರವರೆಗೆ ಉಚ್ಛ್ರಾಯದಲ್ಲಿದ್ದ ಈ ನಾಗರಿಕತೆಯ ಲಿಪಿಯನ್ನು ಇಂದಿಗೂ ಸರ್ವಸಮ್ಮತವಾಗಿ ಓದಲು ಸಾಧ್ಯವಾಗಿಲ್ಲ. ವರ್ತಕರ ಲೆಕ್ಕಪತ್ರವಾಗಲಿ, ಸುಂಕದ ಪಟ್ಟಿಯಾಗಲಿ, ಸಾಲದ ಕರಾರಾಗಲಿ ನಮ್ಮ ಕೈಗೆ ಬಂದಿಲ್ಲ. ಆದ್ದರಿಂದ ಇಲ್ಲಿ ವಸ್ತುವೇ ದಾಖಲೆ. ಅದನ್ನು ಓದಲು ಬೇಕಾದದ್ದು ಒಂದು ನೋಟುಪುಸ್ತಕ, ಸ್ವಲ್ಪ ತಾಳ್ಮೆ ಮತ್ತು ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆಯಾಗಿ ಬರೆದಿಡುವ ಶಿಸ್ತು.

ನೋಟುಪುಸ್ತಕದ ಹಾಳೆಯಲ್ಲಿ ನಾಲ್ಕು ಅಂಕಣಗಳನ್ನು ಹಾಕಿಕೊಳ್ಳಿ. ಮೊದಲನೆಯದರಲ್ಲಿ ವಸ್ತು ಯಾವುದು, ಎಲ್ಲಿ ಸಿಕ್ಕಿತು, ಅಳತೆಯೆಷ್ಟು ಎಂದು ಬರೆಯಿರಿ. ಎರಡನೆಯದರಲ್ಲಿ ಅದರ ಕಚ್ಚಾವಸ್ತು ಎಲ್ಲಿಯದು, ಮೂರನೆಯದರಲ್ಲಿ ಅದನ್ನು ಎಲ್ಲಿ ತಯಾರಿಸಿದರು ಎಂದು ಗುರುತಿಸಿ. ನಾಲ್ಕನೆಯ ಅಂಕಣ ಊಹೆಗೆ ಮೀಸಲು. ಈ ಕ್ರಮದ ಬಲ ತಿಳಿಯಬೇಕಾದರೆ ಒಂದು ಶಂಖದ ಬಳೆಯಿಂದ ಆರಂಭಿಸಿ. ಹರಪ್ಪ ಪಟ್ಟಣ ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗೆ, ಪಂಜಾಬಿನಲ್ಲಿದೆ. ಆದರೂ ಅಲ್ಲಿ ಶಂಖದ ಬಳೆಗಳು ಸಿಕ್ಕಿವೆ. ಇತ್ತ ಗುಜರಾತಿನ ಕರಾವಳಿಯ ನಾಗೇಶ್ವರದಲ್ಲಿ ಶಂಖವನ್ನು ಕೊಯ್ದು ಉಳಿದ ತ್ಯಾಜ್ಯದ ರಾಶಿಯೇ ಸಿಕ್ಕಿದೆ. ಬಳೆ ಸಿಕ್ಕ ಜಾಗಕ್ಕಿಂತ ತ್ಯಾಜ್ಯ ಸಿಕ್ಕ ಜಾಗ ಹೆಚ್ಚು ಮಾತನಾಡುತ್ತದೆ ಎಂಬುದು ಇಲ್ಲಿ ಕಲಿಯಬೇಕಾದ ಮೊದಲ ಪಾಠ, ಏಕೆಂದರೆ ಬಳೆ ಕೈಯಿಂದ ಕೈಗೆ ಎಷ್ಟು ದೂರ ಬೇಕಾದರೂ ಹೋಗಬಹುದು, ತ್ಯಾಜ್ಯವನ್ನು ಮಾತ್ರ ಯಾರೂ ಹೊತ್ತುಕೊಂಡು ಹೋಗುವುದಿಲ್ಲ.

ತೂಕದ ಕಲ್ಲುಗಳನ್ನು ಕೈಯಲ್ಲಿ ಹಿಡಿದು ತಿಳಿಯುವುದು

ಸಿಂಧೂ ವ್ಯಾಪಾರಕ್ಕೆ ಇರುವ ಆಧಾರಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ತೂಕದ ಕಲ್ಲು. ಹೆಚ್ಚಿನವು ಚರ್ಟ್ ಎಂಬ ಗಡಸು ಕಲ್ಲನ್ನು ಘನಾಕಾರವಾಗಿ ಕಡಿದು ನುಣುಪು ಮಾಡಿದವು. ಅವುಗಳ ಮೇಲೆ ಬರಹವಿಲ್ಲ, ರಾಜನ ಗುರುತಿಲ್ಲ, ದೇವರ ಚಿತ್ರವೂ ಇಲ್ಲ. ಆದರೆ ತೂಗಿ ನೋಡಿದರೆ ಅಚ್ಚರಿಯಾಗುವಂಥ ಒಂದು ಕ್ರಮ ಕಾಣುತ್ತದೆ. ಅತಿ ಚಿಕ್ಕ ಮಾನ ಸುಮಾರು 0.86 ಗ್ರಾಂ, ಅಲ್ಲಿಂದ ಮುಂದಕ್ಕೆ 1, 2, 4, 8, 16, 32, 64 ಎಂದು ಪ್ರತಿ ಬಾರಿಯೂ ತೂಕ ಇಮ್ಮಡಿಯಾಗುತ್ತದೆ. ಹೆಚ್ಚಾಗಿ ಸಿಕ್ಕಿರುವುದು 16ನೆಯ ಮಾನದ, ಎಂದರೆ ಸುಮಾರು 13.7 ಗ್ರಾಂ ತೂಗುವ ಕಲ್ಲು. ಇದಕ್ಕೂ ಮೇಲಿನ ದೊಡ್ಡ ತೂಕಗಳು 160, 200, 320, 640 ಎಂಬ ರೀತಿಯಲ್ಲಿ ಹತ್ತರ ಲೆಕ್ಕಕ್ಕೆ ಹೊರಳುತ್ತವೆ. ಮೊಹೆಂಜೊದಾರೊದಲ್ಲಿ 10 ಕಿಲೋಗ್ರಾಂ ದಾಟಿದ ಕಲ್ಲೂ ದೊರೆತಿದೆ.

ಇದನ್ನು ಓದಿ ಬಿಟ್ಟರೆ ಸಾಲದು, ಮಾಡಿ ನೋಡಬೇಕು. ಹಸಿ ಜೇಡಿಮಣ್ಣು ಒಣಗಿದಂತೆ ಹಗುರಾಗುವುದರಿಂದ ಅದು ಈ ಕೆಲಸಕ್ಕೆ ಆಗದು. ಬಟ್ಟೆಯ ಚಿಕ್ಕ ತುಂಡುಗಳಲ್ಲಿ ಒಣ ಮರಳನ್ನು ಗಂಟು ಕಟ್ಟಿ, 0.1 ಗ್ರಾಂವರೆಗೆ ತೋರಿಸುವ ತಕ್ಕಡಿಯಲ್ಲಿ ಬಟ್ಟೆ, ದಾರ ಎಲ್ಲ ಸೇರಿ 0.9, 1.7, 3.4, 6.9, 13.7, 27.4, 54.8 ಗ್ರಾಂ ಬರುವಂತೆ ಏಳು ಗಂಟುಗಳನ್ನು ಸಿದ್ಧಪಡಿಸಿ. ಆಮೇಲೆ ಆ ವಿದ್ಯುತ್ ತಕ್ಕಡಿಯನ್ನು ಎತ್ತಿಟ್ಟುಬಿಡಿ. ಒಂದು ಬಿದಿರಿನ ಕಡ್ಡಿಯ ನಡುವೆ ದಾರ ಕಟ್ಟಿ, ಎರಡು ತುದಿಗೂ ಸಮನಾದ ಮುಚ್ಚಳಗಳನ್ನು ತೂಗುಹಾಕಿ ತಕ್ಕಡಿ ಮಾಡಿಕೊಳ್ಳಿ. ಈಗ ಒಂದು ಹಿಡಿ ಹುರುಳಿಯನ್ನೋ ರಾಗಿಯನ್ನೋ ಒಂದು ತಟ್ಟೆಗೆ ಹಾಕಿ, ಇನ್ನೊಂದಕ್ಕೆ ದೊಡ್ಡ ಗಂಟಿನಿಂದ ಆರಂಭಿಸಿ ಒಂದೊಂದನ್ನೇ ಇಟ್ಟು ನೋಡಿ. ಆ ಧಾನ್ಯ 43 ಮಾನ ತೂಗುವುದಾದರೆ 32, 8, 2 ಮತ್ತು 1 ಸೇರಿದಾಗ ಕಡ್ಡಿ ಸಮವಾಗಿ ನಿಲ್ಲುತ್ತದೆ. ಏಳೇ ಏಳು ಗಂಟುಗಳಿಂದ 1ರಿಂದ 127ರವರೆಗಿನ ಯಾವ ಮಾನವನ್ನಾದರೂ ತೂಗಬಹುದೆಂಬುದು ಮಕ್ಕಳಿಗೆ ತಾನಾಗಿಯೇ ಹೊಳೆದಾಗ ತರಗತಿಯಲ್ಲಿ ಒಂದು ಕ್ಷಣ ಮೌನ ಆವರಿಸುತ್ತದೆ. ಆ ಕ್ಷಣಕ್ಕಾಗಿಯೇ ನಾನು ಪ್ರತಿ ವರ್ಷ ಈ ಪಾಠವನ್ನು ಎದುರು ನೋಡುತ್ತೇನೆ.

ಮುಂದಿನ ಹಂತ ಇನ್ನೂ ಮುಖ್ಯವಾದದ್ದು. ತರಗತಿಯನ್ನು ಎರಡು ಗುಂಪು ಮಾಡಿ, ಪ್ರತಿ ಗುಂಪೂ ತನ್ನದೇ ಗಂಟುಗಳನ್ನು ಕಟ್ಟಲಿ. ನಂತರ ಒಬ್ಬರ 16ರ ಗಂಟನ್ನು ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಮತ್ತೊಬ್ಬರ 8, 4, 2, 1ರ ಗಂಟುಗಳ ಜೊತೆಗೆ ಇನ್ನೂ ಒಂದು 1ರ ಗಂಟನ್ನು ಇಡಿ. ಸಮವಾದರೆ ಇಬ್ಬರ ತೂಕವೂ ಸರಿಯಿದೆ, ಇಲ್ಲವಾದರೆ ಯಾರದೋ ತಪ್ಪಿದೆ. ಪರಿಚಯವೇ ಇಲ್ಲದ ಇಬ್ಬರು ವರ್ತಕರು ಯಾವ ಅಧಿಕಾರಿಯ ನೆರವೂ ಇಲ್ಲದೆ ಪರಸ್ಪರರ ತೂಕವನ್ನು ಪರೀಕ್ಷಿಸಿಕೊಳ್ಳಲು ಇಂಥ ಕ್ರಮ ಅನುವು ಮಾಡಿಕೊಡುತ್ತದೆ. ಗುಜರಾತಿನಿಂದ ಪಂಜಾಬಿನವರೆಗೆ ಇದೇ ಮಾನ ನಡೆಯುತ್ತಿತ್ತು, ಪರ್ಷಿಯನ್ ಕೊಲ್ಲಿಯ ಬಹ್ರೇನ್‌ನಲ್ಲಿಯೂ ಸಿಂಧೂ ಮಾದರಿಯ ತೂಕದ ಕಲ್ಲುಗಳು ಸಿಕ್ಕಿವೆ ಎಂಬ ಸಂಗತಿಯ ಅರ್ಥ ಇದಾದ ಮೇಲೆ ಬೇರೆಯಾಗಿಯೇ ಕಾಣುತ್ತದೆ.

ನಮ್ಮಲ್ಲಿ ಹಿರಿಯರು ಬಳಸುತ್ತಿದ್ದ ಸೇರು, ಅಚ್ಚೇರು, ಪಾವುಗಳೂ ಅರ್ಧರ್ಧವಾಗಿ ಇಳಿಯುವ ಅಳತೆಗಳೇ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿಯ ಎಂಟು ಕಾಳುಗಳ ತೂಕ ಸಿಂಧೂ ಕಣಿವೆಯ ಚಿಕ್ಕ ಮಾನಕ್ಕೆ ಬಹಳ ಹತ್ತಿರ ಬರುತ್ತದೆ. ಈ ಹೋಲಿಕೆಯನ್ನು ತೋರಿಸುವುದು ಒಳ್ಳೆಯದೇ, ಆದರೆ ಅದನ್ನು ಬರೆಯಬೇಕಾದದ್ದು ನಾಲ್ಕನೆಯ ಅಂಕಣದಲ್ಲಿ. ಅರ್ಧ ಮಾಡುವುದೂ ಇಮ್ಮಡಿ ಮಾಡುವುದೂ ತಕ್ಕಡಿ ಹಿಡಿದ ಯಾರಿಗಾದರೂ ಸಹಜವಾಗಿ ಹೊಳೆಯುವ ಉಪಾಯವಾದ್ದರಿಂದ, ಹೋಲಿಕೆ ಇದ್ದ ಮಾತ್ರಕ್ಕೆ ವಂಶಾವಳಿ ಸಿದ್ಧವಾಗುವುದಿಲ್ಲ.

ಕಲ್ಲು ಸಿಕ್ಕ ಜಾಗವನ್ನೂ ತಪ್ಪದೆ ಗಮನಿಸಿ. ಹರಪ್ಪದಲ್ಲಿ ನಗರದ ದ್ವಾರಗಳ ಬಳಿ ತೂಕದ ಕಲ್ಲುಗಳು ದೊರೆತಿರುವುದರಿಂದ, ಅವು ಒಳಬರುವ ಸರಕಿಗೆ ಸುಂಕ ಹಾಕಲು ಬಳಕೆಯಾಗಿರಬಹುದು ಎಂದು ಅಲ್ಲಿ ದೀರ್ಘಕಾಲ ಉತ್ಖನನ ನಡೆಸಿದ ಜೊನಾಥನ್ ಮಾರ್ಕ್ ಕೆನೊಯರ್ ಸೂಚಿಸಿದ್ದಾರೆ.

ಮುದ್ರೆಯ ಬೆನ್ನು ನೋಡಿ

ವಸ್ತುಸಂಗ್ರಹಾಲಯದಲ್ಲಿ ಎಲ್ಲರೂ ಮುದ್ರೆಯ ಮುಖವನ್ನೇ ನೋಡುತ್ತಾರೆ. ಒಂಟಿಕೊಂಬಿನ ಪ್ರಾಣಿ, ಅದರ ಮುಂದೊಂದು ಕಂಬದಂಥ ಆಕೃತಿ, ಮೇಲೆ ನಾಲ್ಕೈದು ಚಿಹ್ನೆಗಳು. ಬಳಪದ ಕಲ್ಲಿನಲ್ಲಿ ಎರಡು ಮೂರು ಸೆಂಟಿಮೀಟರ್ ಅಗಲದ ಚೌಕದೊಳಗೆ ಇಷ್ಟನ್ನು ಕೆತ್ತಿದ ಕೈಚಳಕಕ್ಕೆ ಮನಸೋಲದವರಿಲ್ಲ. ಆದರೆ ವ್ಯಾಪಾರದ ದೃಷ್ಟಿಯಿಂದ ನೋಡುವವರು ಮುದ್ರೆಗಿಂತ ಅದನ್ನು ಒತ್ತಿದ ಮಣ್ಣಿನ ಉಂಡೆಯನ್ನು ಹುಡುಕಬೇಕು. ಲೋಥಾಲ್‌ನ ಉಗ್ರಾಣದ ಅವಶೇಷಗಳಲ್ಲಿ ಇಂಥ ಸುಮಾರು 65 ಮುದ್ರೆಯೊತ್ತುಗಳು ಸಿಕ್ಕಿದವು. ಉಗ್ರಾಣಕ್ಕೆ ಬೆಂಕಿ ತಗುಲಿದಾಗ ಆ ಹಸಿ ಮಣ್ಣು ಸುಟ್ಟು ಗಟ್ಟಿಯಾದ ಕಾರಣಕ್ಕೇ ಅವು ಉಳಿದುಬಂದಿವೆ. ಅವುಗಳ ಮುಖದ ಮೇಲೆ ಮುದ್ರೆಯ ಗುರುತಿದ್ದರೆ, ಬೆನ್ನಿನ ಮೇಲೆ ಹುರಿಯ ಗಂಟು, ನೇಯ್ದ ಬಟ್ಟೆ ಮತ್ತು ಜೊಂಡಿನ ಚಾಪೆಯ ಅಚ್ಚು ಮೂಡಿದೆ. ಮೂಟೆ ಕೊಳೆತುಹೋಗಿದೆ, ಹುರಿ ಬೂದಿಯಾಗಿದೆ, ಒಳಗಿದ್ದ ಸರಕೂ ಇಲ್ಲ. ಆದರೂ ಅಲ್ಲೊಂದು ಮೂಟೆಯಿತ್ತು, ಅದರ ಬಾಯಿಗೆ ಹುರಿ ಬಿಗಿದು ಗಂಟಿನ ಮೇಲೆ ಮುದ್ರೆಯೊತ್ತಿದ್ದರು ಎಂಬುದಕ್ಕೆ ಈ ಬೆನ್ನಿಗಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಇದನ್ನೂ ಮಾಡಿ ನೋಡುವುದು ಸುಲಭ. ಗೋಣಿಚೀಲದ ಒಂದು ತುಂಡಿಗೆ ಹುರಿ ಸುತ್ತಿ ಗಂಟು ಹಾಕಿ, ನಿಂಬೆಹಣ್ಣಿನ ಗಾತ್ರದ ಹದವಾದ ಜೇಡಿಮಣ್ಣನ್ನು ಗಂಟಿನ ಮೇಲೆ ಒತ್ತಿ, ಮೇಲಿನಿಂದ ಒಂದು ನಾಣ್ಯವನ್ನು ಅದುಮಿ ತೆಗೆಯಿರಿ. ಒಂದು ದಿನ ಒಣಗಿದ ಮೇಲೆ ಗಂಟನ್ನು ಬಿಚ್ಚಲು ಪ್ರಯತ್ನಿಸಿದರೆ ಮಣ್ಣು ಒಡೆಯದೆ ಗಂಟು ಬಿಚ್ಚದು. ಅಂಚೆಯ ಅರಗಿನ ಮುದ್ರೆಯನ್ನು ಕಂಡವರಿಗೆ ಇದರ ತತ್ವವನ್ನು ಬೇರೆ ಹೇಳಬೇಕಿಲ್ಲ. ಒಡೆದ ಚೂರುಗಳನ್ನು ತಿರುಗಿಸಿ, ಬೆನ್ನಿನ ಮೇಲೆ ಗೋಣಿಯ ಎಳೆಗಳು ಎಷ್ಟು ಸ್ಪಷ್ಟವಾಗಿ ಮೂಡಿವೆ ಎಂಬುದನ್ನು ಮಸೂರದಲ್ಲಿ ನೋಡಿ ಚಿತ್ರ ಬರೆದುಕೊಳ್ಳಿ. ಇಷ್ಟು ಮಾಡಿದವರ ಕಣ್ಣು ಸಂಗ್ರಹಾಲಯದಲ್ಲಿ ತಾನಾಗಿಯೇ ಬೆನ್ನನ್ನು ಹುಡುಕುತ್ತದೆ.

ಮುದ್ರೆಯ ಮೇಲಿನ ಚಿಹ್ನೆಗಳಲ್ಲಿ ವರ್ತಕನ ಹೆಸರಿದೆ, ಸರಕಿನ ವಿವರವಿದೆ ಎಂದು ಬರೆದುಬಿಡುವ ಆಸೆಯನ್ನು ಹತ್ತಿಕ್ಕಬೇಕು. ಓದಲಾಗದ ಬರಹವನ್ನು ಓದಿದಂತೆ ಬರೆದರೆ ಉಳಿದ ಶ್ರಮವೆಲ್ಲ ವ್ಯರ್ಥವಾಗುತ್ತದೆ.

ಮಣಿಯ ಬೆಲೆಯನ್ನು ಗಂಟೆಗಳಲ್ಲಿ ಎಣಿಸುವುದು

ಅವರ ಸರಕಿನ ಬೆಲೆಯೆಷ್ಟಿತ್ತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಸಿಂಧೂ ನಗರಗಳಲ್ಲಿ ನಾಣ್ಯವಿರಲಿಲ್ಲವಾದ್ದರಿಂದ ನೇರವಾಗಿ ಉತ್ತರಿಸಲಾಗದು, ಆದರೆ ದುಡಿಮೆಯ ಗಂಟೆಗಳನ್ನು ಎಣಿಸಬಹುದು. ಕಾರ್ನೀಲಿಯನ್ ಎಂಬ ಕೆಂಪು ಕಲ್ಲಿನ ಉದ್ದ ಮಣಿ ಇದಕ್ಕೆ ಅತ್ಯುತ್ತಮ ಉದಾಹರಣೆ. ನರ್ಮದೆಯ ಬಳಿಯ ರತನ್‌ಪುರದ ಕಡೆ ಸಿಗುವ ಮಾಸಲು ಹಳದಿ ಉಂಡೆಗಲ್ಲುಗಳನ್ನು ಬಿಸಿಲಿನಲ್ಲಿಟ್ಟು, ಬೆಂಕಿಯಲ್ಲಿ ಕಾಯಿಸಿದಾಗ ಅವುಗಳಲ್ಲಿರುವ ಕಬ್ಬಿಣದ ಅಂಶದಿಂದ ಕೆಂಪು ಬಣ್ಣ ಏರುತ್ತದೆ. ಖಂಭಾತ್‌ನ ಮಣಿಗಾರರು ಈ ಕೆಲಸವನ್ನು ನಮ್ಮ ಕಾಲದವರೆಗೂ ಉಳಿಸಿಕೊಂಡು ಬಂದಿದ್ದಾರೆ. ಕಲ್ಲನ್ನು ಚಕ್ಕೆ ಎಬ್ಬಿಸಿ ಆಕಾರಕ್ಕೆ ತಂದು, ಉಜ್ಜಿ, ಕೊನೆಗೆ ತೂತು ಕೊರೆಯಬೇಕು. ಸಿಂಧೂ ಮಣಿಗಾರರು ಉದ್ದ ಮಣಿಗಳನ್ನು ಕೊರೆಯಲು ವಿಶೇಷ ಗಡಸುತನದ ಒಂದು ಕಲ್ಲಿನ ಬೈರಿಗೆ ಮೊನೆಯನ್ನು ಬಳಸುತ್ತಿದ್ದರು. 1935–36ರಲ್ಲಿ ಚನ್ಹುದಾರೊ ಎಂಬ ಸಿಂಧೂ ನೆಲೆಯ ಮಣಿ ಕಾರ್ಯಾಗಾರವನ್ನು ಅಗೆದು ತೆಗೆದ ಅರ್ನೆಸ್ಟ್ ಮೆಕೇ ಅವರ ನೆನಪಿಗೆ ಆ ಕಲ್ಲನ್ನು ಅರ್ನೆಸ್ಟೈಟ್ ಎಂದು ಕರೆದಿದ್ದಾರೆ.

ಪ್ರಯೋಗ ಮಾಡಿ ನೋಡಿದವರ ಲೆಕ್ಕದಂತೆ ಇಂಥ ಮೊನೆಯಿಂದ ಕಾರ್ನೀಲಿಯನ್‌ನಲ್ಲಿ ಗಂಟೆಗೆ ಸುಮಾರು 2.5 ಮಿಲಿಮೀಟರ್ ಆಳ ಕೊರೆಯಬಹುದು. ಹಲಗೆಯ ಮೇಲೆ 6 ಸೆಂಟಿಮೀಟರ್ ಉದ್ದದ ಗೆರೆ ಎಳೆದು, ಅದನ್ನು 2.5 ಮಿಲಿಮೀಟರ್‌ಗಳ ತುಂಡುಗಳಾಗಿ ಗುರುತು ಮಾಡಿಸಿ. ಒಟ್ಟು 24 ತುಂಡುಗಳಾಗುತ್ತವೆ, ಎಂದರೆ ಒಂದು ಮಣಿಯ ತೂತಿಗೇ 24 ಗಂಟೆಗಳ ದುಡಿಮೆ, ದಿನಕ್ಕೆ ಎಂಟು ಗಂಟೆಯಂತೆ ಮೂರು ಪೂರ್ತಿ ದಿನ. ಮೂರನೆಯ ದಿನ ಸಂಜೆ ಕೈ ನಡುಗಿ ಮಣಿ ಸೀಳಿದರೆ ಅಷ್ಟೂ ಹೋಯಿತು. ಪಾಕಿಸ್ತಾನದ ಅಲ್ಲಾಹ್‌ದಿನೋದಲ್ಲಿ ಇಂಥ 36 ಉದ್ದ ಮಣಿಗಳ ಒಂದು ಸೊಂಟಪಟ್ಟಿ ಸಿಕ್ಕಿದೆ ಎಂದು ಹೇಳಿ, ಗುಣಾಕಾರವನ್ನು ಮಕ್ಕಳಿಗೇ ಬಿಡಿ. ಇರಾಕಿನ ಊರ್ ನಗರದ ರಾಜಸಮಾಧಿಗಳನ್ನು ಲಿಯೊನಾರ್ಡ್ ವೂಲಿ ಅಗೆದಾಗ ಇದೇ ಬಗೆಯ ಉದ್ದ ಮಣಿಗಳೂ, ಕ್ಷಾರದಿಂದ ಬಿಳಿ ಗೆರೆ ಬರೆದು ಸುಟ್ಟ ಮಣಿಗಳೂ ಏಕೆ ಅಲ್ಲಿ ಕಾಣಿಸಿಕೊಂಡವು ಎಂಬುದು ಆಗ ತಾನಾಗಿ ತಿಳಿಯುತ್ತದೆ. ದೂರದ ಪ್ರಯಾಣಕ್ಕೆ ತಕ್ಕ ಸರಕು ಹಗುರವಾಗಿರಬೇಕು, ಕೆಡದಂತಿರಬೇಕು, ಬೇರೆ ಕಡೆ ಮಾಡಲು ಕಷ್ಟವಾದದ್ದಾಗಿರಬೇಕು. ಮಣಿ ಈ ಮೂರಕ್ಕೂ ಒಪ್ಪುತ್ತದೆ.

ಕೊಂಡವರ ಊರಿನ ಬರಹ

ನಮ್ಮ ಕಡೆಯ ಬರಹ ಓದಲು ಬಾರದಿದ್ದರೂ ಮೆಸೊಪೊಟೇಮಿಯದವರ ಬರಹ ಓದಲು ಬರುತ್ತದೆ. ಕ್ರಿ.ಪೂ. 24–23ನೆಯ ಶತಮಾನದ ಅಕ್ಕಾಡ್‌ನ ದೊರೆ ಸಾರ್ಗೋನ್ ತನ್ನ ಶಾಸನದಲ್ಲಿ ಮೆಲುಹ್ಹ, ಮಗನ್ ಮತ್ತು ದಿಲ್ಮುನ್‌ಗಳ ಹಡಗುಗಳು ತನ್ನ ರಾಜಧಾನಿಯ ಕಟ್ಟೆಗೆ ಬಂದು ನಿಂತವೆಂದು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ದಿಲ್ಮುನ್ ಎಂದರೆ ಬಹ್ರೇನ್ ಮತ್ತು ಅದರ ನೆರೆಯ ಪ್ರದೇಶ, ಮಗನ್ ಎಂದರೆ ತಾಮ್ರದ ನಾಡಾದ ಒಮಾನ್ ಕಡೆ, ಮೆಲುಹ್ಹ ಎಂದರೆ ಸಿಂಧೂ ಪ್ರದೇಶ ಎಂಬುದನ್ನು ಇಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಒಂದು ಉರುಳೆಮುದ್ರೆ ಶು-ಇಲಿಶು ಎಂಬವನದು. ಅದರ ಮೇಲೆ ಅವನು ಮೆಲುಹ್ಹ ಭಾಷೆಯ ದುಭಾಷಿ ಎಂದು ಬರೆದಿದೆ. ನಾಲ್ಕು ಸಾವಿರ ವರ್ಷಗಳ ಹಿಂದೆ ಎರಡು ನುಡಿಗಳ ನಡುವೆ ನಿಂತು ಮಾತು ದಾಟಿಸಿದ ಒಬ್ಬ ಮನುಷ್ಯನ ಹೆಸರು ಉಳಿದಿದೆ, ಅವನು ದಾಟಿಸಿದ ಒಂದು ಮಾತೂ ಉಳಿದಿಲ್ಲ. ಈ ವಿಷಯ ಹೇಳುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಇಂಥ ಬರಹವನ್ನು ಬಳಸುವಾಗ ಪಾಲಿಸಬೇಕಾದ ನಿಯಮವೆಂದರೆ, ಬರಹದ ಮಾತಿಗೆ ವಸ್ತುವಿನ ಸಾಕ್ಷಿ ಹುಡುಕಬೇಕು. ದೊರೆಗಳ ಶಾಸನದಲ್ಲಿ ಬಡಾಯಿ ಇರುತ್ತದೆ. ಆದರೆ ಒಮಾನ್‌ನ ರಾಸ್ ಅಲ್-ಜಿಂಜ್‌ನಲ್ಲಿ ದೋಣಿಗಳಿಗೆ ಬಳಿಯುತ್ತಿದ್ದ ಡಾಂಬರಿನಂಥ ಕಲ್ಲರಗಿನ ತುಂಡುಗಳು ಸಿಕ್ಕಿವೆ. ಅವುಗಳ ಒಂದು ಬದಿಯಲ್ಲಿ ಜೊಂಡಿನ ಕಟ್ಟು ಮತ್ತು ಚಾಪೆಯ ಅಚ್ಚು, ಇನ್ನೊಂದು ಬದಿಯಲ್ಲಿ ಸಮುದ್ರದಲ್ಲಿ ಓಡಾಡಿದ ದೋಣಿಗೆ ಅಂಟಿಕೊಳ್ಳುವ ಚಿಪ್ಪುಜೀವಿಗಳಿವೆ. ಅದೇ ನೆಲೆಯಲ್ಲಿ ಸಿಂಧೂ ಚಿಹ್ನೆಗಳಿರುವ ಮಡಕೆಚೂರೂ ದೊರೆತಿದೆ. ಲೋಥಾಲ್‌ನಲ್ಲಿ ಪರ್ಷಿಯನ್ ಕೊಲ್ಲಿಯ ಮಾದರಿಯ ಒಂದು ದುಂಡು ಮುದ್ರೆ ಸಿಕ್ಕಿದೆ. ಉತ್ತರದಲ್ಲಿ, ಅಫ್ಘಾನಿಸ್ತಾನದ ಆಮು ದರ್ಯಾ ನದಿಯ ಬಳಿಯ ಶೋರ್ತುಗಾಯ್‌ನಲ್ಲಿ ಸಿಂಧೂ ಜನರದೇ ಒಂದು ನೆಲೆಯಿತ್ತು. ಬದಖ್ಶಾನಿನ ಗಣಿಗಳ ನೀಲಿ ಲ್ಯಾಪಿಸ್ ಲಾಜುಲಿ ಕಲ್ಲಿಗೆ ಅದು ಹತ್ತಿರದ ಜಾಗ. ಈಗ ನಕ್ಷೆಯ ಮೇಲೆ ಬಾಣ ಎಳೆಯಬಹುದು. ಪ್ರತಿ ಬಾಣದ ಮೇಲೆ ಅದಕ್ಕೆ ಆಧಾರವಾದ ವಸ್ತುವಿನ ಹೆಸರನ್ನು ಬರೆಸಿ, ಹೆಸರಿಲ್ಲದ ಬಾಣವನ್ನು ಅಳಿಸಿಸಿ.

ಕಾಣದ ಸರಕಿಗೂ ನಕ್ಷೆಯಲ್ಲಿ ಸ್ವಲ್ಪ ಜಾಗ ಬಿಡಬೇಕು. ಧಾನ್ಯ, ಎಣ್ಣೆ, ಮರ, ಬಟ್ಟೆ ಸಾಮಾನ್ಯವಾಗಿ ಮಣ್ಣಿನಲ್ಲಿ ಉಳಿಯುವುದಿಲ್ಲ. ಮೊಹೆಂಜೊದಾರೊದ ಒಂದು ಬೆಳ್ಳಿ ಪಾತ್ರೆಗೆ ಅಂಟಿಕೊಂಡಿದ್ದ ಹತ್ತಿಬಟ್ಟೆಯ ಚೂರು ಲೋಹದ ಕಿಲುಬಿನಿಂದಾಗಿ ಉಳಿಯಿತು. ಅದೊಂದು ಚೂರು ಇಲ್ಲದಿದ್ದರೆ ಅವರ ಹತ್ತಿ ನೇಯ್ಗೆಯ ಬಗ್ಗೆ ನಮ್ಮ ತಿಳಿವಳಿಕೆ ಇನ್ನಷ್ಟು ಬಡವಾಗಿರುತ್ತಿತ್ತು.

ನಮ್ಮ ನಾಡಿನ ಅಭಿಮಾನ ಎಲ್ಲಿ ನಿಲ್ಲಬೇಕು

ಸಿಂಧೂ ನಗರಗಳ ಚಿನ್ನ ಕೋಲಾರದಿಂದ ಹೋಯಿತು ಎಂಬ ಮಾತನ್ನು ಕನ್ನಡಿಗರಾದ ನಾವು ಸಂತೋಷದಿಂದ ಹೇಳಿಕೊಳ್ಳುತ್ತೇವೆ. ಆ ಚಿನ್ನದಲ್ಲಿ ಬೆಳ್ಳಿ ಬೆರೆತಿರುವುದನ್ನು ಆಧಾರ ಮಾಡಿಕೊಂಡು ಹಿಂದಿನ ಕೆಲವು ವಿದ್ವಾಂಸರು ಹಾಗೆ ಸೂಚಿಸಿದ್ದು ನಿಜ. ಆದರೆ ನಿಸರ್ಗದಲ್ಲಿ ಸಿಗುವ ಚಿನ್ನದಲ್ಲೆಲ್ಲ ಸಾಮಾನ್ಯವಾಗಿ ಬೆಳ್ಳಿಯ ಅಂಶ ಇದ್ದೇ ಇರುತ್ತದೆ, ಸಿಂಧೂ ನದಿಯ ಮೇಲ್ಭಾಗದ ಮರಳಿನಲ್ಲೂ ಚಿನ್ನ ಸಿಗುತ್ತದೆ. ಹಸಿರು ಅಮೆಜೊನೈಟ್ ಕಲ್ಲು ನೀಲಗಿರಿಯ ದೊಡ್ಡಬೆಟ್ಟದಿಂದ ಹೋಗಿರಬೇಕೆಂದೂ ಒಂದು ಕಾಲಕ್ಕೆ ಬರೆಯುತ್ತಿದ್ದರು. ಅದೇ ಕಲ್ಲು ಗುಜರಾತಿನಲ್ಲಿಯೂ ಸಿಗುತ್ತದೆಂದು ತಿಳಿದ ಮೇಲೆ ಆ ವಾದದ ಬಲ ಕುಂದಿತು. ಕೋಲಾರದ ಹೆಸರನ್ನು ನಾಲ್ಕನೆಯ ಅಂಕಣದಲ್ಲಿ ಬರೆಯಲು ಅಡ್ಡಿಯಿಲ್ಲ, ಎರಡನೆಯದಕ್ಕೆ ಅದನ್ನು ಇನ್ನೂ ತರಬಾರದು.

ಲೋಥಾಲ್‌ನೊಡನೆ ನಮಗಿರುವ ನಂಟು ಮಾತ್ರ ಸಂಶಯವಿಲ್ಲದ್ದು. 1954ರಲ್ಲಿ ಅದನ್ನು ಪತ್ತೆ ಮಾಡಿ, ಮುಂದಿನ ವರ್ಷಗಳಲ್ಲಿ ಅಲ್ಲಿ ಉತ್ಖನನ ನಡೆಸಿದವರು ಕನ್ನಡಿಗರಾದ ಎಸ್.ಆರ್. ರಾವ್. ಸುಮಾರು 215 ಮೀಟರ್ ಉದ್ದ, 36 ಮೀಟರ್ ಅಗಲದ, ಸುಟ್ಟ ಇಟ್ಟಿಗೆಯ ಕೊಳವನ್ನು ಅವರು ಹಡಗುಕಟ್ಟೆ ಎಂದು ಗುರುತಿಸಿದರು. ಅದು ನೀರು ಸಂಗ್ರಹಿಸುವ ಕೆರೆಯಾಗಿದ್ದಿರಬೇಕು ಎಂದು ವಾದಿಸಿದವರೂ ಇದ್ದಾರೆ, ಆ ಚರ್ಚೆ ಇನ್ನೂ ನಿಂತಿಲ್ಲ. ಮುದ್ರೆಯೊತ್ತುಗಳು, ಉಗ್ರಾಣ, ದುಂಡು ಮುದ್ರೆ ಇವೆಲ್ಲ ಒಂದೇ ಊರಿನಲ್ಲಿ ಇರುವುದರಿಂದ ರಾವ್ ಅವರ ವಾದದ ಕಡೆಗೇ ನನ್ನ ಒಲವು. ಆದರೆ ವಿದ್ಯಾರ್ಥಿಗಳ ಮುಂದೆ ಎರಡೂ ಪಕ್ಷಗಳನ್ನು ಇಡದೆ ನನ್ನ ಒಲವನ್ನು ಹೇಳುವುದಿಲ್ಲ.

ಅಹಮದಾಬಾದಿನ ಕಡೆ ಹೋಗುವ ಅವಕಾಶವಿದ್ದರೆ ಲೋಥಾಲ್‌ಗೆ ಒಂದು ಇಡೀ ದಿನ ಮೀಸಲಿಡಿ. ಬೆಳಿಗ್ಗೆ ಮೊದಲು ಉಗ್ರಾಣದ ಜಗಲಿಯ ಬಳಿ ನಿಂತು, ಅಲ್ಲಿದ್ದ 64 ಇಟ್ಟಿಗೆ ದಿಮ್ಮಿಗಳಲ್ಲಿ ಉಳಿದಿರುವ 12ನ್ನು ಎಣಿಸಿ. ಅಲ್ಲಿಂದ ಕೊಳದ ಅಂಚಿನವರೆಗೆ ಹೆಜ್ಜೆ ಎಣಿಸುತ್ತ ನಡೆಯಿರಿ. ತಲೆಯ ಮೇಲೆ ಮೂಟೆ ಹೊತ್ತವನು ಆ ದೂರವನ್ನು ಎಷ್ಟು ಹೊತ್ತಿನಲ್ಲಿ ದಾಟಿಯಾನು ಎಂಬುದು ಕಾಲಿಗೇ ತಿಳಿಯುತ್ತದೆ. ಬಿಸಿಲೇರಿದ ಮೇಲೆ ಸಂಗ್ರಹಾಲಯದೊಳಗೆ ಹೋಗಿ ತೂಕದ ಕಲ್ಲು, ಮಣಿ, ಮುದ್ರೆಯೊತ್ತುಗಳನ್ನು ನೋಡಿ. ಸಂಜೆ ನೋಟುಪುಸ್ತಕ ತೆರೆದಾಗ ನೀವು ಎಣಿಸಿದ ಹೆಜ್ಜೆಗಳ ಸಂಖ್ಯೆಯನ್ನು ಮೊದಲನೆಯ ಅಂಕಣದಲ್ಲಿ ಬರೆಯಿರಿ, ಹಡಗುಕಟ್ಟೆ ಎಂಬ ಪದವನ್ನು ನಾಲ್ಕನೆಯದರಲ್ಲಿ.